ತಾಯಿಗೆ ಕೊಟ್ಟ ಹಕಾರ

ಜ್ವಾಕಿಂಪಾಳ್ಯ
ಫೆಬ್ರವರಿ ೩೦, ೨೧೮೮

ಮದಲೆಯಮ್ಮಜ್ಜಿಗೆ,

ತಾರೀಖು ತಪ್ಪಲ್ಲ, ಫೆಬ್ರವರಿಗೆ ಈಗ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಆರನೆಯ ತಲೆಮಾರಿನವಳು, ಭಕ್ತಿಯಲ್ಲಿ ಹಿಂದಿನ ಬೆಂಚಿನವಳು. ಆದರೂ ನಮ್ಮ ಸಭೆಯ ಕಾಗದಪತ್ರ ಬರೆಯುವವಳು ನಾನೇ.

ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲುಬೀಗ ಬೀಳುತ್ತದೆ, ಅಂದರೆ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ನಮ್ಮ ಪೂಜೆ ಬೆಳಗಿನ ಜಾವ ಐದಕ್ಕೇ. ಗುರುಗಳು ಈಗಲೂ ನಮಗೆ ಬೆನ್ನು ಹಾಕಿ, ಪೀಠದತ್ತ ಮುಖ ಮಾಡಿ ನಿಲ್ಲುತ್ತಾರೆ. ಹೆಂಗಸರ ತಲೆಯ ಮೇಲೆ ಮುಸುಕು ಇದೆ. ಧೂಳು ಸೋಸುವ ಉಸಿರುಪಟ್ಟಿಯನ್ನು ಹಗಲೆಲ್ಲ ಮೂಗಿಗೆ ಕಟ್ಟಿಕೊಂಡವರು, ಲ್ಯಾಟಿನ್ ಹೇಳುವಾಗ ಮಾತ್ರ ಅದನ್ನು ಗದ್ದದ ಕೆಳಗೆ ಇಳಿಸುತ್ತೇವೆ.

ಹಳೆಯ ಲ್ಯಾಟಿನ್ ಪೂಜೆ ಬಿಡಲಾರದೆ ಮೂವತ್ತೊಂದು ಕಥೋಲಿಕ ಮನೆಗಳು ಚರ್ಚಿನಿಂದ ಹೊರಬಂದಾಗ, ಪ್ರಾರ್ಥನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟವರು ನೀವು. ಹಾಲಿಗೆ 'ಆಲು' ಅನ್ನುತ್ತೀರೆಂದು ಪೇಟೆಯ ಶಾಲೆಯಲ್ಲಿ ನಿಮ್ಮನ್ನು ನೋಡಿ ನಕ್ಕಿದ್ದರಂತೆ. ಆ ಅಂಜಿಕೆಯಲ್ಲಿ, ತಾಯಿ ಮರಿಯಳಿಗೆ ವಂದಿಸುವ 'ಆವೆ ಮರಿಯಾ' ಎಂಬಲ್ಲಿ ಇಲ್ಲದ ಹಕಾರ ಸೇರಿಸಿ 'ಹಾವೆ ಮರಿಯಾ' ಎಂದು ಬರೆದಿರಿ. ಅಂದಿನಿಂದ ಹಾಗೇ ಹಾಡಿದ್ದೇವೆ. ಜನ ನಮ್ಮನ್ನು 'ಹಾವಿನ ಸಭೆ' ಎಂದು ಆಡಿಕೊಂಡರು. ನಾವು ಆ ಹೆಸರನ್ನೇ ಬಾಗಿಲ ಮೇಲೆ ಕೆತ್ತಿಸಿದೆವು.

ಕಳೆದ ವಾರ ಬಿಷಪ್ಪರ ಕಡೆಯಿಂದ ಲೂರ್ದುರಾಜ್ ಸ್ವಾಮಿಗಳು ಬಂದಿದ್ದರು. ಮತ್ತೆ ಒಂದಾಗೋಣ, ಲ್ಯಾಟಿನ್ ಇರಲಿ, ಮುಸುಕೂ ಇರಲಿ, ಆ ಒಂದು ಅಕ್ಷರ ಮಾತ್ರ ತಿದ್ದಿ ಎಂದರು.

"ತಾಯೀನ ಹೋಗಿ ಹೋಗಿ ಹಾವು ಅಂತ ಕರೀತೀರಲ್ರಪ್ಪ!"

ನಮ್ಮ ಹಿರಿಯ ಚೌರಪ್ಪಣ್ಣ ಎದ್ದು ನಿಂತ. "ಆವ್ಗೆ ನಾವು ಆವು ಅಂತ್ಲೇ ಅನ್ನದು ಸ್ವಾಮಿ. ನಮ್ ಬಾಯಲ್ಲಿ ಇದ್ದುದ್ದು ಒಂದೇ ಹ. ಅದ್ನ ತಾಯ್ಗೆ ಕೊಟ್ಬುಟ್ಟಿವಿ. ಕೊಟ್ಟಿದ್ನ ಈಸ್ಕಳಕ್ಕಾಯ್ತದಾ?"

ಸ್ವಾಮಿಗಳು ಒಂದಾಗುವ ಕರಾರುಪತ್ರವನ್ನು ನನ್ನ ಕೈಗಿಟ್ಟು ಹೊರಟರು.

ಒಂದಾಗುವ ಆಸೆ ನಮಗೂ ಇದೆ. ದೊಡ್ಡ ಚರ್ಚಿನ ಸಮಾಧಿತೋಟದಲ್ಲಿ ನಿಮ್ಮ ಹಿರಿಯರ ಪಕ್ಕ ಮಣ್ಣಾಗಬೇಕೆಂಬುದು ನಮ್ಮವ್ವನ ಬಯಕೆ. ಕರಾರುಪತ್ರ ನನ್ನ ಮುಂದಿತ್ತು. ಅವ್ವನನ್ನು ಕೇಳಿದೆ.

"ಅಜ್ಜಿ ಬರ್ದಂಗೇ ಬುಡು ಮಗ," ಎಂದಳು.

ಆ ಷರತ್ತೊಂದನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಮಾಡಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಕಾಯುವುದು ನಮಗೆ ಹೊಸದಲ್ಲ.

ಈ ಪತ್ರ ಹಿಂದಕ್ಕೆ, ನಿಮ್ಮ ಕಾಲಕ್ಕೆ ತಲುಪುವ ಹೊತ್ತಿಗೆ ನಿಮ್ಮ ಪ್ರಾರ್ಥನೆ ಪುಸ್ತಕದ ಶಾಯಿ ಇನ್ನೂ ಒಣಗಿರಲಾರದು. ಯಾರಾದರೂ ಓದಿದವರು ಬಂದು ತಪ್ಪಾಗಿದೆ ಎಂದರೆ ಕೂರಿಸಿ, ಕಾಫಿ ಕೊಡಿ. ಪೆನ್ನು ಮಾತ್ರ ಕೊಡಬೇಡಿ.

ನಿಮ್ಮ ಹಕಾರದ ಮನೆಯವಳು,
ದಯಾಮರಿ