ಅವ್ವ ತಿರುಗಿ ಬಂದಾಗ

ಭಾನುವಾರ, ಜೂನ್ ೧೫

ನಿತ್ಯಾ ಇವತ್ತು ನನ್ನ ಹತ್ತಿರ ಬರಲೇ ಇಲ್ಲ.

ಮೊನ್ನೆ ಹೊಸೂರಿನ ಬಿ.ಎಡ್. ತರಗತಿಯಲ್ಲಿ ಮನಶ್ಶಾಸ್ತ್ರಜ್ಞೆ ಏನ್ಸ್‌ವರ್ತ್‌ಳ ಪ್ರಯೋಗವನ್ನು ಪಾಠ ಮಾಡಿದ್ದೆ. ತಾಯಿ ಮಗುವನ್ನು ಬಿಟ್ಟು ಕೋಣೆಯಿಂದ ಹೊರಗೆ ಹೋಗುತ್ತಾಳೆ. ಅವಳು ತಿರುಗಿ ಬಂದಾಗ ಮಗು ಏನು ಮಾಡುತ್ತದೆಂದು ನೋಡಿ ಏನ್ಸ್‌ವರ್ತ್ ಅವರಿಬ್ಬರ ನಂಟನ್ನು ಅಳೆದಳು. ಎಷ್ಟು ಚೆನ್ನಾಗಿ ಹೇಳಿಕೊಟ್ಟೆ! ಆ ತಾಯಿ ಹೋದದ್ದು ಕೆಲವೇ ನಿಮಿಷ. ನಾನು ಮಗಳನ್ನು ಅಂಚೆಟ್ಟಿಯಲ್ಲಿ ಅತ್ತೆಯ ಹತ್ತಿರ ಬಿಟ್ಟು ತಿಂಗಳುಗಳೇ ಆದವು.

ಇವತ್ತು ನಾನೂ ಗಂಡ ಮುನೀಶೂ ಹೋದರೆ ಅವಳು ಅತ್ತೆಯ ಸೆರಗಿನ ಹಿಂದೆ ಅವಿತಳು.

"ನಿಮ್ಮವ್ವ ಬಂದವ್ಳೆ, ಹೋಗವ್ವ," ಅಂದರು ಅತ್ತೆ.

"ಆ ಅಕ್ಕ ಬ್ಯಾಡ."

ಮುನೀಶ್ ನಕ್ಕರು. "ಮಕ್ಳಲ್ವಾ, ಮರ್ತೋಯ್ತವೆ. ಅದ್ನ ಯಾಕೆ ದೊಡ್ದು ಮಾಡ್ತೀಯ?"

ತಮ್ಮ ಫ್ಯಾಕ್ಟರಿ ಶಿಫ್ಟಿನಲ್ಲಿ ಮಗು ನೋಡೋಕಾಗಲ್ಲ, ಊರಲ್ಲಿ ಬಿಡೋಣ ಅಂದವರು ಇವರೇ. ಅವಳು ಇವರ ಹತ್ತಿರವೂ ಹೋಗಲಿಲ್ಲ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಈ ನಂಟಿನ ಸಿದ್ಧಾಂತ ಕೊಟ್ಟ ಬೌಲ್ಬಿ ಬರೆದದ್ದೂ ಹೆಚ್ಚಾಗಿ ತಾಯಿಯ ಬಗ್ಗೆಯೇ. ಅಪ್ಪ ಎಲ್ಲಿದ್ದ ಎಂದು ನನ್ನ ತರಗತಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇವರು ಆಗಲೇ ಗೊರಕೆ ಹೊಡೆಯುತ್ತಿದ್ದಾರೆ.

ಮುಂದಿನ ವಾರ ಅವಳನ್ನು ಕರೆದುಕೊಂಡೇ ಬರುತ್ತೇನೆ, ಕೆಲಸ ಹೋದರೂ ಸರಿ. ಬರಲ್ಲ ಅಂತ ಅಜ್ಜಿಯ ಕೊರಳು ತಬ್ಬಿಕೊಂಡು ಅತ್ತರೆ ಮಾತ್ರ ಎಳೆದು ತರಲ್ಲ, ಅವಳು ನನ್ನ ಹತ್ತಿರ ಬರುವವರೆಗೆ ನಾನೇ ಅಲ್ಲಿ ಉಳಿಯುತ್ತೇನೆ.