ಒಲೆಯ ಮೇಲೆ ಕೆನೆ ಕಟ್ಟಿದ ಬಣ್ಣ

ಮನೆ, ಬೋರ್ಡಿನ ಕೋಣೆ
ಮಾರ್ಚ್ ೧೬, ಶನಿವಾರ ಬೆಳಿಗ್ಗೆ

ನನ್ನ ಪ್ರೀತಿಯ ಅಕ್ಷರದ ಮೇಸ್ತ್ರಿಗಳಿಗೆ,

ಹೇಗಿದ್ದೀರಿ? ಏದುಸಿರು ಕಡಿಮೆಯಾಗಿದೆಯೇ? ಈಗ ನಿಮ್ಮ ಅಕ್ಕನ ಮನೆಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತೀರಂತೆ, ಅತ್ತಿಗೆ ಹೇಳಿದರು. ಕೇಳಿ ಜೀವಕ್ಕೆ ತಂಪಾಯಿತು. ಹಾಗೆಂದು ಎದೆಗೆ ಎಳೆದುಕೊಳ್ಳುವ ಔಷಧಿಯನ್ನು ಬಿಡಬೇಡಿ. ಸ್ವಲ್ಪ ಸುಧಾರಿಸಿದರೆ ಸಾಕು, ನೀವೇ ಡಾಕ್ಟರಾಗಿಬಿಡುತ್ತೀರಿ, ಗೊತ್ತಿಲ್ಲವೇ ನನಗೆ? ಅತ್ತಿಗೆ ಮಾಡಿ ಬಡಿಸಿದ್ದನ್ನು ಹೆಸರಿಡದೆ ಊಟ ಮಾಡಿ. ಫೋನ್ ಇರುವಾಗ ಕಾಗದವೇಕೆ ಎಂದು ನಗಲೂ ಬೇಡಿ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ಆಮೇಲೆ ಕೆಮ್ಮು ಬರುತ್ತದೆ, ಆಮೇಲೆ ಅತ್ತಿಗೆ ಫೋನ್ ಕಿತ್ತುಕೊಳ್ಳುತ್ತಾರೆ. ಇವತ್ತಿನ ಸುದ್ದಿಯನ್ನು ಮಾತ್ರ ಯಾರೂ ಅಡ್ಡ ಬರದ ಹಾಗೆ ಹೇಳಬೇಕು. ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಹೋದ ತಿಂಗಳು ನೀವು, "ಬ್ರಷ್ಷೆಲ್ಲ ಯಾರಿಗಾದರೂ ಕೊಟ್ಟುಬಿಡು, ನಾನು ಭಾವನ ಬಟ್ಟೆ ಅಂಗಡೀಲಿ ಗಲ್ಲಾದ ಮೇಲೆ ಕೂತ್ಕೋತೀನಿ" ಅಂದಿರಲ್ಲ, ಅವತ್ತು ನನಗೆ ಅನ್ನ ಇಳಿಯಲಿಲ್ಲ. ಭಾವ ಒಳ್ಳೆಯವರು, ಗಲ್ಲಾ ಕೆಟ್ಟದ್ದಲ್ಲ. ಆದರೆ ಊರಿನ ಅರ್ಧ ಅಂಗಡಿಗಳಿಗೆ ಹೆಸರು ಬರೆದ ಮನುಷ್ಯ ಸೀರೆಯ ಬಿಲ್ಲಿನ ಮೇಲೆ ಮುದ್ರೆ ಒತ್ತುತ್ತಾ ಕೂರುವುದನ್ನು ನನಗೆ ನೆನೆಸಿಕೊಳ್ಳಲೂ ಆಗುವುದಿಲ್ಲ. ಇನ್ನು ಥಿನ್ನರ್ ಮೂಸಿದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ್ದು ನಿಜ. ಎನಾಮೆಲ್ ಬೇಡ, ಟರ್ಪಂಟೈನ್ ಬೇಡ, ಒಪ್ಪಿದೆ. ಅಕ್ಷರವೇ ಬೇಡ ಎಂದು ಅವರು ಎಲ್ಲಿ ಹೇಳಿದರು? ಅದಕ್ಕೇ ಹಟ ಹಿಡಿದು ಬಣ್ಣದಂಗಡಿಯಾಕೆಯ ಹತ್ತಿರ ಹೋಗಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ತಂದೆ. ಹಿಂದೆ ಒಮ್ಮೆ ಆಕೆ ಅದನ್ನು ತೋರಿಸಿದಾಗ ನೀವು ಏನಂದಿರಿ? "ನೀರಿನ ಬಣ್ಣದಲ್ಲಿ ಬೋರ್ಡ್ ಬರೆಯೋದೂ ಒಂದೇ, ನೀರಿನ ಮೇಲೆ ಬರೆಯೋದೂ ಒಂದೇ" ಅಂದಿರಿ. ನಾನು ಒಂದು ತಗಡಿನ ಮೇಲೆ ನನ್ನ ಕಾಗೆ ಕಾಲಿನಂಥ ಅಕ್ಷರದಲ್ಲಿ ಬರೆದು, ವಾರ ಬಿಟ್ಟು ನಲ್ಲಿಯ ಕೆಳಗೆ ಹಿಡಿದು ಪಾತ್ರೆ ಉಜ್ಜುವ ನಾರಿನಲ್ಲಿ ತಿಕ್ಕಿದೆ. ಅಕ್ಷರ ಅಲ್ಲಾಡಲಿಲ್ಲ, ನಾರು ಹರಿಯಿತು. ಈಗ ಹೇಳಿ, ಯಾವುದು ನೀರಿನ ಮೇಲಿನ ಬರಹ?

ಆದರೆ ಈ 'ನೀರಿನ ಬಣ್ಣ' ಎಂಬ ಹೆಸರು ಇದೆಯಲ್ಲ, ಅದೇ ನಮ್ಮನ್ನು ಕುಣಿಸಿತು. ನೀರಿನದು ಎಂದ ಮೇಲೆ ನೀರಿನಷ್ಟೇ ಸಾಧು ಎಂದು ಮನೆಮಂದಿಯೆಲ್ಲ ನಂಬಿದೆವು. ಬೋರ್ಡಿನ ಮೇಲೆ ಕೊನೆಗೆ ಹಚ್ಚುವ ಹೊಳಪಿನ ಲೇಪ ಒಣಗಿದರೆ ಗಾಜಿನ ಹಾಗೆ ಕಾಣುತ್ತದೆ, ಹಸಿಯಾಗಿರುವಾಗ ಮಾತ್ರ ಹಾಲಿನಷ್ಟು ಬೆಳ್ಳಗೆ. ನಿಮ್ಮ ತಮ್ಮ, ಆ ಆತುರಗಾರ, ಡಬ್ಬಿಯಲ್ಲೇ ಬ್ರಷ್ ಅದ್ದಲು ಕಷ್ಟ ಎಂದು ಅಡುಗೆಮನೆಯ ಪಾತ್ರೆಗೆ ಸುರಿದುಕೊಂಡ. ಫೋನ್ ಬಂತೆಂದು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಅತ್ತೆ ಬಂದರು, ಹಾಲು ಹೀಗೇ ಬಿಟ್ಟಿದ್ದಾರಲ್ಲ, ಕೆಟ್ಟುಹೋಗುತ್ತದೆ ಎಂದು ಒಲೆಯ ಮೇಲಿಟ್ಟರು! ಸ್ವಲ್ಪ ಹೊತ್ತಿಗೆ ಕೆನೆ ಕಟ್ಟಿತು. ಎಂಥ ಕೆನೆ ಅಂತೀರಿ, ಸೌಟಿನಲ್ಲಿ ಎತ್ತಿದರೆ ರಬ್ಬರಿನ ಹಾಗೆ ಜೋತಾಡುತ್ತಿತ್ತು. ಮೂಗಿಗೆ ಚುಚ್ಚುವ ವಾಸನೆ ಎದ್ದು ಅತ್ತೆಯ ಕಣ್ಣಲ್ಲಿ ನೀರು. ನಾನು ಓಡಿಹೋಗಿ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಅವರನ್ನು ಹೊರಗೆ ಗಾಳಿಗೆ ಕೂರಿಸಿದೆ. ಅವರಿಗೆ ಕಣ್ಣಿನ ಚಿಂತೆ ಇರಲಿಲ್ಲ. "ಒಡೆದು ಹೋಯ್ತಲ್ಲೇ, ಯಾವ ಹಾಲಿನವನು ಕೊಟ್ಟ ಇದನ್ನ?" ಎಂದು ಅವನಿಗೆ ಶಾಪ ಹಾಕುತ್ತಿದ್ದರು. ಈಗ ನಗು ಬರುತ್ತದೆ. ಆದರೆ ಅತ್ತೆಗೆ ಹಸಿಹಾಲು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವ ಅಭ್ಯಾಸ ಇದ್ದಿದ್ದರೆ ಏನಾಗುತ್ತಿತ್ತು, ಹೇಳಿ?

ಅವತ್ತೇ ಬಣ್ಣದಂಗಡಿಗೆ ಹೋದೆ. ಆಕೆ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ನನ್ನ ಕೈ ನೋಡಿ ನಗು ನಿಲ್ಲಿಸಿದಳು. ಬೆರಳ ಸಂದಿಯಲ್ಲಿ ಕೆಂಪಗೆ ಗುಳ್ಳೆ ಎದ್ದಿದ್ದವು. ಪಾತ್ರೆ ಸೋಪಿನದು ಅಂದುಕೊಂಡಿದ್ದೆ ನಾನು. ಡಬ್ಬಿಯೊಳಗಿನ ನೀರು ಕೊಳೆಯಬಾರದೆಂದು ಏನೋ ಔಷಧಿ ಹಾಕಿರುತ್ತಾರಂತೆ, ಕೆಲವರ ಚರ್ಮಕ್ಕೆ ಅದು ಆಗದಂತೆ, ಒಮ್ಮೆ ಆಗದೆ ಹೋದರೆ ಮತ್ತೆಂದೂ ಆಗದಂತೆ. "ಥಿನ್ನರ್ ಹಾಗೆ ಬೆಂಕಿ ಹಿಡಿಯಲ್ಲ, ತಲೆಗೆ ಏರಲ್ಲ, ಅಷ್ಟು ಪುಣ್ಯ. ಆದ್ರೆ ನೀರಲ್ಲಿ ಕಲಸಿದ್ದೆಲ್ಲ ನೀರಲ್ಲಮ್ಮ" ಅಂದಳು. ಈ ಮಾತನ್ನು ನಿಮ್ಮ ಕೈಯಲ್ಲೇ ಬರೆಸಿ ಗೋಡೆಗೆ ಹಾಕಬೇಕು. ಕಣ್ಣಿಗೆ ಸಿಡಿದರೆ ಉಜ್ಜದೆ ಕಾಲು ಗಂಟೆ ನೀರು ಬಿಟ್ಟು ತೊಳೆದು ಡಾಕ್ಟರಿಗೆ ತೋರಿಸಬೇಕು, ಹೊಟ್ಟೆಗೆ ಹೋದರೆ ವಾಂತಿ ಮಾಡಿಸಲು ಹೋಗದೆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಬೇಕು ಎಂದಳು. ಬ್ರಷ್ ತೊಳೆದ ನೀರನ್ನು ನಾನು ಚರಂಡಿಗೆ ಚೆಲ್ಲುತ್ತಿದ್ದೆ, ಅದಕ್ಕೂ ಬೈಸಿಕೊಂಡೆ. ಈಗ ಬಕೆಟ್ಟಿನಲ್ಲಿ ತಳಕ್ಕೆ ಕೂರಲು ಬಿಟ್ಟು, ಗಟ್ಟಿಯಾದದ್ದನ್ನು ಒಣಗಿಸಿ ಬೇರೆಯಾಗಿ ಕಟ್ಟಿಡುತ್ತೇನೆ. ತೆಗೆದುಕೊಂಡು ಹೋಗಲು ಆಕೆಯೇ ಒಪ್ಪಿದ್ದಾಳೆ.

ಇಷ್ಟು ಕೇಳಿಯೂ ನಿಮ್ಮ ತಮ್ಮನಿಗೆ ಬುದ್ಧಿ ಬರಲಿಲ್ಲ. ಮೂಗುಬಾಯಿಗೆ ಮುಸುಕು ಕಟ್ಟಿಕೊಳ್ಳದೆ, ಧೂಳು ಕೂರುತ್ತದೆಂದು ಬಾಗಿಲು ಹಾಕಿಕೊಂಡು, ನಿಮ್ಮ ಸ್ಪ್ರೇ ಗನ್ನಿನಲ್ಲಿ ದೊಡ್ಡ ಬೋರ್ಡಿಗೆ ಬಣ್ಣ ಹೊಡೆದ. "ನೀರಿಗೆಂಥ ಮುಸುಕು ಅತ್ತಿಗೆ" ಅಂದ. ಬಾಗಿಲು ತೆರೆದಾಗ ಕೋಣೆಯ ತುಂಬ ಮಂಜು. ಅವನು ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದ, ಕೆಮ್ಮು ಸಂಜೆಯವರೆಗೂ ನಿಲ್ಲಲಿಲ್ಲ. ಡಾಕ್ಟರ್ ನೋಡಿ ಏನೂ ಆಗಿಲ್ಲ ಎಂದರು, ಈಗ ಎರಡಾಳಿನ ಊಟ ಮಾಡುತ್ತಿದ್ದಾನೆ, ಗಾಬರಿಯಾಗಬೇಡಿ. ಆದರೆ ಅವತ್ತು ನನ್ನ ಉತ್ಸಾಹವೆಲ್ಲ ಜರ್ರನೆ ಇಳಿಯಿತು. ಕಲ್ಲು ತಿಂದು ಕರಗಿಸುವ ವಯಸ್ಸಿನ ಅವನ ಎದೆಯೇ ಹೀಗಾದರೆ ನಿಮ್ಮದರ ಗತಿಯೇನು? ಗಲ್ಲಾವೇ ವಾಸಿ, ಜೀವ ಇದ್ದರೆ ಬೆಲ್ಲ ಬೇಡಿ ತಿಂದೇವು ಎಂದುಕೊಂಡು ಬ್ರಷ್ಷುಗಳನ್ನು ಒಂದು ಚೀಲಕ್ಕೆ ತುಂಬಿದ್ದೂ ಉಂಟು.

ಆಮೇಲೆ ಮನಸ್ಸು ತಡೆಯಲಿಲ್ಲ. ಬಣ್ಣದ ಜೊತೆಗೆ ಬಂದಿದ್ದ ಎಚ್ಚರಿಕೆಯ ಹಾಳೆ ಹಿಡಿದುಕೊಂಡು ನಿನ್ನೆ ನಿಮ್ಮ ಎದೆ ಡಾಕ್ಟರ ಹತ್ತಿರವೇ ಹೋದೆ. ಅವರು ಕನ್ನಡಕ ಏರಿಸಿ ಇಳಿಸಿ ಅದನ್ನು ಪೂರ್ತಿ ಓದಿದರು. ನನಗೆ ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹಾಗಾಗಿತ್ತು. ಕೊನೆಗೆ, "ಗನ್ ಮುಟ್ಟಬಾರದು, ಒಣಗಿದ ಬಣ್ಣ ಉಜ್ಜಬಾರದು. ಕಿಟಕಿ ತೆರೆದಿಟ್ಟು ಬ್ರಷ್ಷಲ್ಲಿ ಬರೆದು ನೋಡಲಿ" ಅಂದರು. ಬರೆದು ನೋಡಲಿ! ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಮೊದಲ ದಿನ ಅರ್ಧ ಗಂಟೆ ಸಾಕಂತೆ, ಔಷಧಿ ಪಕ್ಕದಲ್ಲೇ ಇರಬೇಕಂತೆ, ಎದೆ ಸ್ವಲ್ಪ ಬಿಗಿದರೂ ಎದ್ದು ಹೊರಗೆ ಬರಬೇಕಂತೆ, ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿ ಮುಂದಿನ ಮಾತು. ತಗಡು ಉಜ್ಜುವುದು, ತಳದ ಬಣ್ಣ, ಮೇಲಿನ ಹೊಳಪು ಎಲ್ಲ ನಾನೂ ನಿಮ್ಮ ತಮ್ಮನೂ ಹಿತ್ತಲಿನಲ್ಲಿ ಮಾಡುತ್ತೇವೆ. ಅಕ್ಷರ ಮಾತ್ರ ನಿಮ್ಮದು. ಇವತ್ತು ಏಳುತ್ತಲೇ ಕೋಣೆಯಿಂದ ಹಳೆಯ ಥಿನ್ನರ್ ಡಬ್ಬಿಗಳನ್ನೆಲ್ಲ ಸಾಗಿಸಿಬಿಟ್ಟೆವು, ಗನ್ ಗ್ಯಾರೇಜಿನವರ ಪಾಲಾಯಿತು. ನಿಮ್ಮ ಮೇಜನ್ನು ಎರಡು ಕಿಟಕಿಗಳ ನಡುವೆ ಎಳೆದು ಹಾಕಿದ್ದೇವೆ. ಕೈಗವಸು ತಂದಿಟ್ಟಿದ್ದೇನೆ, ಅದನ್ನು ಹಾಕಿಕೊಂಡರೆ ಬ್ರಷ್ ಹಿಡಿತಕ್ಕೆ ಸಿಗುವುದಿಲ್ಲ ಎಂದು ರಾಗ ತೆಗೆಯಬೇಡಿ, ತೆಳುವಾದದ್ದನ್ನೇ ಹುಡುಕಿ ತಂದಿದ್ದೇನೆ. ಬಣ್ಣಕ್ಕೆ ಮನೆಯ ಪಾತ್ರೆ ಮುಟ್ಟಿದವರಿಗೆ ಆ ದಿನ ಊಟವಿಲ್ಲ ಎಂದು ಅತ್ತೆ ಕಾನೂನು ಮಾಡಿದ್ದಾರೆ.

ಅತ್ತಿಗೆಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಒಲೆಯ ವಿಷಯ ಬರೆಯಬೇಡ ಎಂದೂ ಹೇಳಿದ್ದಾರೆ. ಬೆಚ್ಚಗಿರಿ, ಹುಷಾರಾಗಿರಿ.

ಇತಿ,
ನಿಮ್ಮ ದಾರಿ ಕಾಯುತ್ತಿರುವ,
ಮನೆಯವಳು

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಗಲ್ಲಾಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ನಿನ್ನೆ ಸಂಜೆಯೇ ನಿಮ್ಮ ಭಾವನಿಗೆ ಫೋನ್ ಮಾಡಿ ಹೇಳಿಬಿಟ್ಟೆ, ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಈ ಕಾಗದ ಮುಟ್ಟುವವರೆಗೆ ಬಾಯಿ ಬಿಡುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ನಿಮಗೆ ಸಿಟ್ಟು ಬರುತ್ತದೆ, ಬರಲೇಬೇಕು. ಮನೆಗೆ ಬಂದು ಬೈಯಿರಿ. ನಡುವೆ ಎಲ್ಲೂ ಕೆಮ್ಮದೆ, ಒಂದೇ ಉಸಿರಿನಲ್ಲಿ ನೀವು ನನ್ನನ್ನು ಬೈದು ಮುಗಿಸುವುದನ್ನು ನಾನು ಕಣ್ಣಾರೆ ನೋಡಬೇಕು.