ಎಡಕ್ಕೆ ತೆಗೆದ ಬೈತಲೆ

ಕೂಕಟ್‌ಪಲ್ಲಿ, ಹೈದರಾಬಾದ್
ಮಂಗಳವಾರ, ೮ ಆಗಸ್ಟ್ ೨೦೦೬

ಪ್ರೀತಿಯ ಅಕ್ಕಾ,

ರಾತ್ರಿ ಎರಡು ನಲವತ್ತಕ್ಕೆ ಗೆಜ್ಜೆಯ ಸದ್ದಿಗೆ ಎಚ್ಚರಾಯಿತು. ಈಗ ಮೂರೂಕಾಲು. ಲಹರಿ ಮಲಗಿದ್ದಾಳೆ. ಅವಳ ಪಾದ ಕಾಣುವ ಹಾಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಫ್ರಿಜ್ಜಿನ ಬಾಗಿಲು ಒಂದಿಷ್ಟು ತೆರೆದಿಟ್ಟು ಆ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ದೀಪ ಹಾಕಿದರೆ ಹಾಲ್‌ನಲ್ಲಿ ಮಲಗಿರುವ ಅತ್ತೆಯವರು ಏಳುತ್ತಾರೆ. ಅಕ್ಷರ ಅಂಕುಡೊಂಕಾದರೆ ಹೊಟ್ಟೆಗೆ ಹಾಕಿಕೋ. ಗೆಜ್ಜೆ ಯಾಕೆ ಸದ್ದು ಮಾಡಿತು ಅನ್ನುವುದನ್ನು ಕಡೆಗೆ ಬರೆಯುತ್ತೇನೆ. ಮೊದಲೇ ಬರೆದರೆ ನಡುವಿನದನ್ನು ನೀನು ಸಮಾಧಾನದಿಂದ ಓದುವುದಿಲ್ಲ.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಪಂಚಮಿಗೂ ಬರಲಿಲ್ಲ. ಸಿಟ್ಟಾಗಬೇಡ. ನೀನು ಕಳಿಸಿದ ಎಳ್ಳುಂಡಿಯನ್ನು ಲಹರಿ ದಿಂಬಿನ ಕೆಳಗೆ ಬಚ್ಚಿಟ್ಟು ಇರುವೆ ಕರೆದಳು. ಆರು ವರ್ಷಕ್ಕೇ ಎಲ್ಲ ನಿನ್ನ ಬುದ್ಧಿ.

ಅವಳ ಫಿಟ್ಸ್ ಕಡಿಮೆ ಆಗಿಲ್ಲ. ಮಾತ್ರೆ ಬದಲಾಯಿಸಿದ ಮೇಲೆ ಹಗಲು ಬರುವುದು ನಿಂತಿದೆ, ರಾತ್ರಿಯದು ನಿಂತಿಲ್ಲ. ನಿದ್ದೆಯಲ್ಲಿ ಸದ್ದಿಲ್ಲದೆ ಬರುತ್ತದೆ. ಜುಲೈ ತಿಂಗಳಲ್ಲಿ ಒಂದು ದಿನ ಎದ್ದು ನೋಡಿದರೆ ಅವಳ ತುಟಿ ನೀಲಿಯಾಗಿತ್ತು, ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿಲ್ಲ. ಆವತ್ತಿನಿಂದ ಅವಳ ಡಾನ್ಸ್ ಕ್ಲಾಸಿನ ಗೆಜ್ಜೆಯನ್ನು ಕಾಲಿಗೆ ಕಟ್ಟಿ ಮಲಗಿಸುತ್ತೇನೆ. ಅದಕ್ಕೊಂದು ಲಾಡಿ ಪೋಣಿಸಿ ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತೇನೆ. ಅವಳು ನಡುಗಿದರೆ ಗೆಜ್ಜೆ ಕೂಗಬೇಕು, ಲಾಡಿ ನನ್ನನ್ನು ಎಳೆಯಬೇಕು. ಇವರು ನೋಡಿ ನಕ್ಕರು. "ಏನಿದು, ಎಮ್ಮಿ ಕರ ಕಟ್ಟಿದಂಗ ಕಟ್ಟೀ" ಅಂದರು. ನಗಲಿ ಬಿಡು. ಇವರದು ರಾತ್ರಿ ಪಾಳಿ. ಅಮೆರಿಕದ ಯಾವುದೋ ಬ್ಯಾಂಕಿನ ಕಂಪ್ಯೂಟರ್ ಲೈನು ಕಡಿಯದಂತೆ ಮಾಧಾಪುರದಲ್ಲಿ ಕೂತು ಕಾಯಬೇಕು. ಮಗಳಿಗೆ ಬಂದದ್ದನ್ನು ಇದುವರೆಗೆ ಒಂದು ಸಲವೂ ಕಣ್ಣಾರೆ ನೋಡಿಲ್ಲ. ಬೆಳಗ್ಗೆ ಬಂದಾಗ ಅವಳು ಹಾಲು ಕುಡಿದು ಕಾರ್ಟೂನು ನೋಡುತ್ತಿರುತ್ತಾಳೆ, ಬಾಡಿದ ಮುಖ ನನ್ನದು.

ಈಗ ವಿಷಯಕ್ಕೆ ಬರುತ್ತೇನೆ. ಲಹರಿಯನ್ನು ತೋರಿಸುವ ಆಸ್ಪತ್ರೆಯಲ್ಲಿ ಕಮಲಾಕ್ಷಿ ಅಂತ ಒಬ್ಬ ಡಾಕ್ಟರಮ್ಮ ಸಂಶೋಧನೆ ಮಾಡುತ್ತಿದ್ದಾರೆ. ಫಿಟ್ಸ್ ಇರುವ ಮೂವತ್ತು ಮಕ್ಕಳು, ಪ್ರತಿ ಮಗುವಿನ ಜೊತೆಗೆ ರೋಗವಿಲ್ಲದ ಹತ್ತಿರದ ರಕ್ತಸಂಬಂಧಿ ಒಬ್ಬರು. ಇಬ್ಬರ ಮೆದುಳನ್ನೂ ಹೋಲಿಸಿ ನೋಡುತ್ತಾರೆ. ಇದು ಔಷಧವಲ್ಲ, ನಿನ್ನ ಮಗಳು ಇದರಿಂದ ಗುಣವಾಗುತ್ತಾಳೆಂದು ಆಸೆ ಇಟ್ಟುಕೊಳ್ಳಬೇಡ ಎಂದು ಮೊದಲೇ ಹೇಳಿದರು. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಫೋಟೊ ತೆಗೆದರೆ ಲಹರಿಯ ಮೆದುಳಿನಲ್ಲಿ ಯಾವ ಗಾಯವೂ ಇಲ್ಲವಂತೆ. ಆದರೆ ಮೆದುಳಿನ ಒಂದು ಭಾಗ ಇನ್ನೊಂದರ ಜೊತೆ ಸದಾ ಮಾತಾಡುತ್ತಿರುತ್ತದಂತೆ, ನಾವು ಸುಮ್ಮನೆ ಮಲಗಿದ್ದಾಗಲೂ. ಯಾರು ಯಾರ ಜೊತೆ ಹೆಚ್ಚು ಮಾತಾಡುತ್ತಾರೆ, ಯಾರು ಮಾತು ಬಿಟ್ಟಿದ್ದಾರೆ ಎಂದು ನೋಡುವುದೇ ಅವರ ಕೆಲಸ. ಫಿಟ್ಸ್ ಬಾರದ ದಿನವೂ ಅದರ ಗುರುತು ಆ ಮಾತಿನಲ್ಲಿ ಉಳಿದಿರುತ್ತದೆಯೋ ಎಂದು ಹುಡುಕುತ್ತಿದ್ದಾರೆ. ಇವರಿಗೆ ಹೇಳಿದರೆ, "ಅದಕ್ಕೇನು, ನಮ್ಮ ಆಫೀಸಿನ ನೆಟ್‌ವರ್ಕ್ ಇದ್ದಂಗ, ಒಂದು ಲೈನು ಹೋದರ ಬ್ಯಾರೆ ದಾರಿಲೆ ಕಳಸ್ತೀವಿ" ಅಂದು ಮಗ್ಗಲು ಬದಲಿಸಿ ಮಲಗಿದರು.

ಕಮಲಾಕ್ಷಿಯವರು ಬೇರೊಂದು ಮಗುವಿನ ಚಿತ್ರ ತೋರಿಸಿದರು. ತಲೆಯಾಕಾರದ ತುಂಬ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ಲಹರಿ ಕುರ್ಚಿಯ ಮೇಲೆ ಮೊಣಕಾಲೂರಿ ಬಗ್ಗಿ ನೋಡಿ, "ರಂಗೋಲಿ ತಪ್ಯಾರ, ಇಲ್ಲಿ ಗೆರಿ ಹೆಚ್ಚಾಗೇತಿ" ಅಂದಳು. ಡಾಕ್ಟರಮ್ಮ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಫಾರಂ ತುಂಬಬೇಕಿತ್ತು. ಕುಟುಂಬದಲ್ಲಿ ಯಾರಿಗಾದರೂ ಫಿಟ್ಸ್ ಇತ್ತೇ ಎಂದು ಒಂದು ಪ್ರಶ್ನೆ. ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. "ಇಲ್ಲವ್ವಾ, ನಮ್ಮ ಮಂದಿಗೆ ಅಂಥಾ ರೋಗ ಇಲ್ಲ" ಅಂದಳು. ಅತ್ತೆಯವರ ಕಡೆಗಂತೂ ಏಳು ತಲೆಮಾರಿಗೂ ಇಲ್ಲ. ದಿನಾ ಕಾಯಿಪಲ್ಲೆ ಸೋಸುತ್ತ ಅದನ್ನೇ ಹೇಳುತ್ತಾರೆ, ನನ್ನ ಕಡೆ ನೋಡದೆ ಹೇಳುತ್ತಾರೆ. ನಾನು 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಲಹರಿಯ ಜೊತೆಗಿನ ರೋಗವಿಲ್ಲದ ರಕ್ತಸಂಬಂಧಿ ನಾನೇ.

ಹೋದ ಶುಕ್ರವಾರ ತಲೆಯ ತುಂಬ ತಂತಿ ಅಂಟಿಸುವ ಪರೀಕ್ಷೆ ಇತ್ತು. ಲಹರಿಯದು ಮುಗಿದು ನನ್ನ ಸರದಿ ಬಂತು. ತಂತಿ ಅಂಟಿಸುವಾಕೆ ಸುಗಲಮ್ಮ ಅಂತ, ಯಾದಗಿರಿ ಕಡೆಯವಳು. ನಾವು ಕನ್ನಡದವರೆಂದು ತಿಳಿದ ಮೇಲೆ ಬಾಯಿ ನಿಲ್ಲಲಿಲ್ಲ. ಇಲ್ಲಿ ಜೋಳದ ರೊಟ್ಟಿ ಎಲ್ಲಿ ಚಲೋ ಸಿಗುತ್ತದೆ ಎಂದು ಹೇಳುತ್ತ ಕೂದಲು ಸೀಳಿ ಸೀಳಿ ಅಂಟಿಸುತ್ತಿದ್ದವಳು ಬಲಗಡೆ ಬಂದು ಕೈ ನಿಲ್ಲಿಸಿದಳು. ಬೆರಳಿನಿಂದ ಮುಟ್ಟಿ ನೋಡಿದಳು.

"ಇದೇನ್ರಿ ಅಕ್ಕಾರ, ಸುಟ್ಟಿದ್ದು?"

ಸಣ್ಣವಳಿದ್ದಾಗ ಒಲೆಯ ಮೇಲೆ ಬಿದ್ದಿದ್ದೆ ಎಂದೆ. ನಮಗೆಲ್ಲ ಅವ್ವ ಹೇಳಿರುವುದು ಅದೇ ತಾನೆ?

"ಒಲಿ ಮ್ಯಾಲೆ ಬಿದ್ರ ಹಿಂಗ ದುಂಡಗ ಸುಡೂದಿಲ್ರಿ. ಇದು ಬರಿ. ನಮ್ಮ ಕಡೆ ಕೂಸಿಗೆ ಬಾಲಗ್ರಹ ಬಂದ್ರ ಇಲ್ಲೇ ಇಡ್ತಾರ, ಬಳಿ ತುಂಡು ಕಾಸಿ. ನನ್ನ ತಮ್ಮಗೂ ಐತಿ."

ಅಕ್ಕಾ, ಬಾಲಗ್ರಹ ಅನ್ನುವ ಮಾತು ನಾನು ಕೇಳಿದ್ದೇನೆ. ಪಕ್ಕದ ಮನೆಯ ಕೂಸಿಗೆ ಬಂದಾಗ ಅವ್ವ ನಮ್ಮನ್ನು ಅತ್ತ ಹೋಗಗೊಡುತ್ತಿರಲಿಲ್ಲ. ಬಿ.ಎಸ್ಸಿ. ಓದಿದವಳು ನಾನು, ಅದೂ ಫಿಟ್ಸೂ ಒಂದೇ ಎಂದು ಮೂವತ್ತು ವರ್ಷಕ್ಕೆ ಬಂದರೂ ಹೊಳೆದಿರಲಿಲ್ಲ. ಅವ್ವ ಸುಳ್ಳು ಹೇಳಿಲ್ಲ. ನಾನು ಫಿಟ್ಸ್ ಅಂತ ಕೇಳಿದೆ, ಅವಳು ಇಲ್ಲ ಅಂದಳು. ಫಿಟ್ಸ್ ಆಸ್ಪತ್ರೆಯ ರೋಗ, ಬಾಲಗ್ರಹ ಮನೆಯಲ್ಲಿ ಬಂದು ಮನೆಯಲ್ಲೇ ಹೋಗುವಂಥದ್ದು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಫೋನ್ ಮಾಡಿ ಆ ಮಾತಿನಲ್ಲೇ ಕೇಳಿದೆ. "ಅವ್ವಾ, ನನಗ ಬಾಲಗ್ರಹ ಬಂದಿತ್ತೇನು?"

"ಹಾಲು ಉಕ್ಕಾಕತ್ತೈತಿ, ಇಡ್ತೀನಿ" ಎಂದು ಇಟ್ಟುಬಿಟ್ಟಳು. ಮಧ್ಯಾಹ್ನ ಮೂರಕ್ಕೆ ನಿಮ್ಮ ಮನೆಯಲ್ಲಿ ಯಾವ ಹಾಲು? ಆಮೇಲೆ ಎಷ್ಟು ಸಲ ಮಾಡಿದರೂ ಅವಳೇ ಎತ್ತುತ್ತಾಳೆ, ಶಿವದೇವಿ ಪಾಠ ಮಾಡಲು ಸಾಲಿಗೆ ಹೋಗಿದ್ದಾಳೆ ಅನ್ನುತ್ತಾಳೆ. ಭಾನುವಾರವೂ ಹಾಗೇ ಅಂದಳು. ನಿನ್ನ ಸಾಲಿಯಲ್ಲಿ ಫೋನಿಲ್ಲ, ಅದಕ್ಕೇ ಈ ಪತ್ರ. ಎದುರಿನ ಅಪಾರ್ಟ್‌ಮೆಂಟ್ ಕಟ್ಟುವ ಗೌಂಡಿ ಬೂದೆಪ್ಪ ಇವತ್ತು ಬೆಳಗಿನ ಗಾಡಿಗೆ ಊರಿಗೆ ಹೊರಟಿದ್ದಾನೆ. ನಾಳೆ ರಾಯಚೂರಿಗೆ ಬಂದು ಸಾಲಿಯಲ್ಲಿ ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ.

ನಾನು ಹುಟ್ಟಿದಾಗ ನಿನಗೆ ಏಳು ವರ್ಷ. ನೀನು ನೋಡಿರಬೇಕು. ನೋಡಿದ್ದೀ. ಮೂರು ದಿನದಿಂದ ಒಂದೇ ನೆನಪಾಗುತ್ತಿದೆ. ನನ್ನ ತಲೆಯನ್ನು ಯಾವಾಗಲೂ ನೀನೇ ಬಾಚುತ್ತಿದ್ದೆ, ಬೈತಲೆ ಯಾವಾಗಲೂ ಎಡಕ್ಕೇ ತೆಗೆದು ಕೂದಲೆಲ್ಲ ಬಲಕ್ಕೆ ಇಳಿಸುತ್ತಿದ್ದೆ. ಗೆಳತಿಯರಂತೆ ನಡುವೆ ತೆಗಿ ಎಂದು ಅತ್ತರೆ ಹಣಿಗೆಯಿಂದ ಹೊಡೆದಿದ್ದೆ. ನನ್ನನ್ನು ನೋಡಲು ಇವರ ಮನೆಯವರು ಬಂದ ದಿನ ಬ್ಯೂಟಿ ಪಾರ್ಲರಿನವಳನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿ, ಕದ ಹಾಕಿಕೊಂಡು ಜಡೆ ಹಾಕಿದೆ. ನಿನಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದೆ. ಈಗಲೂ ಅದು ಪ್ರೀತಿಯೇ ಅಂದುಕೊಳ್ಳುತ್ತೇನೆ.

ಬರೆ ಇಡುವಾಗ ನನ್ನ ಕಾಲು ಹಿಡಿದವರು ಯಾರು ಎಂದು ನಾನು ಕೇಳುವುದಿಲ್ಲ.

ನಾಡಿದ್ದು ಗುರುವಾರ ಬೆಳಗ್ಗೆ ಎಂಟಕ್ಕೆ ದೊಡ್ಡ ಯಂತ್ರದಲ್ಲಿ ನನ್ನ ಸ್ಕ್ಯಾನ್. ಅದರೊಳಗೆ ಕಬ್ಬಿಣ ಒಯ್ಯಬಾರದು. ಜೊತೆಗೆ ಬರುವ ಅತ್ತೆಯವರು, ಫಿಟ್ಸ್ ಬಂದಾಗ ಲಹರಿಯ ಮುಷ್ಟಿಯಲ್ಲಿ ಹಿಡಿಸಲು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವ ಬೀಗದ ಕೈಯನ್ನು ಆವತ್ತು ಮನೆಯಲ್ಲೇ ಬಿಟ್ಟು ಬರಬೇಕು; ಅದಕ್ಕಾಗಿ ಈಗಿನಿಂದಲೇ ಮುನಿಸು. ನಾನು ರೋಗವಿಲ್ಲದವಳು ಎಂದು ಆ ಯಂತ್ರದೊಳಗೆ ಮಲಗಿದರೆ ಕಮಲಾಕ್ಷಿಯವರ ರಂಗೋಲಿ ನನ್ನಿಂದ ತಪ್ಪುತ್ತದೆ. ನಿಜ ಹೇಳಿದರೆ ಈ ಮನೆಯಲ್ಲಿ ಏಳು ತಲೆಮಾರಿನ ಮಾತು ನನ್ನ ಕಡೆ ನೇರವಾಗಿ ತಿರುಗುತ್ತದೆ. ಮೊನ್ನೆಯವರೆಗೂ ಅದೇ ದೊಡ್ಡ ಭಯವಾಗಿತ್ತು.

ಆಮೇಲೆ ಒಂದು ಆಸೆ ಹುಟ್ಟಿತು, ಹೇಳಲು ನಾಚಿಕೆ. ನನಗೂ ಬಂದಿತ್ತು ಎಂದೇ ಆಗಲಿ. ಬಂದು, ತಾನಾಗಿ ಹೋಗಿರಲಿ. ನಾನು ಓದಿದೆ, ಮದುವೆಯಾದೆ, ಹಡೆದೆ. ನನಗೆ ಬಿಟ್ಟುಹೋದದ್ದು ಲಹರಿಗೂ ಒಂದು ದಿನ ಬಿಟ್ಟುಹೋದೀತು. ಈ ಮಾತನ್ನು ಯಾರಾದರೂ ಹೇಳಿದರೆ ಅತ್ತೆಯವರ ಯಾವ ಮಾತನ್ನಾದರೂ ತಿಂದು ಬದುಕುತ್ತೇನೆ ಎಂದುಕೊಂಡಿದ್ದೆ. ನಿನ್ನೆ ರಾತ್ರಿ ಮಲಗುವವರೆಗೂ ಹಾಗೇ ಅಂದುಕೊಂಡಿದ್ದೆ.

ಬೂದೆಪ್ಪ ಆರಕ್ಕೆ ಬರುತ್ತಾನೆ. ನಿನ್ನ ಮಕ್ಕಳು ಚೆನ್ನಾಗಿರಲಿ, ಅವರ ಕೂದಲೂ ಕೊಂಕದಿರಲಿ. ಅವ್ವನಿಗೆ ನನ್ನ ಶರಣು ಹೇಳು, ಬೈಯಬೇಡ. ಅವಳೂ ಆಗ ನನ್ನಷ್ಟೇ ವಯಸ್ಸಿನವಳು, ಅವಳಿಗೂ ನಿದ್ದೆ ಇದ್ದಿರಲಿಕ್ಕಿಲ್ಲ.

ನಿನ್ನ
ಶಿವಗಂಗಾ

ಮ.ಆ.: ಗೆಜ್ಜೆಯ ವಿಷಯ. ಸದ್ದಿಗೆ ಎಚ್ಚರಾದಾಗ ಲಹರಿ ನಡುಗುತ್ತಿರಲಿಲ್ಲ. ಎದ್ದು ಕೂತು, ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. "ಅವ್ವಾ, ಎಷ್ಟು ಕರದೆ, ನೀ ಓ ಅನ್ನಲಿಲ್ಲ. ನನ್ನ ಕಾಲು ಯಾಕ ಜಗ್ಗಾಕತ್ತಿದ್ದಿ?" ಅಂದಳು. ಲಾಡಿ ನನ್ನ ಮಣಿಕಟ್ಟಿನಲ್ಲಿ ಚರ್ಮ ಕಿತ್ತುಹೋಗುವಷ್ಟು ಬಿಗಿದಿತ್ತು. ದಿಂಬು ತೋಯ್ದಿತ್ತು. ನನ್ನ ನಾಲಿಗೆಯ ಅಂಚು ಹಲ್ಲಿಗೆ ಸಿಕ್ಕು ಹರಿದಿದೆ, ಬಾಯಲ್ಲಿ ಇನ್ನೂ ರಕ್ತದ ರುಚಿ ಇದೆ. ಇದು ಮೊದಲನೆಯ ಸಲವೋ, ಇಷ್ಟು ವರ್ಷ ಬರುತ್ತಲೇ ಇತ್ತೋ, ನನಗೆ ಗೊತ್ತಿಲ್ಲ. ನಿದ್ದೆಯಲ್ಲಿ ಬರುವುದು ಬಂದವರಿಗೆ ತಿಳಿಯುವುದಿಲ್ಲ. ಮದುವೆಗೆ ಮುಂಚೆ ಇಪ್ಪತ್ತು ವರ್ಷ ನನ್ನ ಪಕ್ಕ ಮಲಗಿದವಳು ನೀನೊಬ್ಬಳೇ.

ಅಕ್ಕಾ, ಇನ್ನು ಆ ಲಾಡಿಯ ತುದಿಯನ್ನು ಯಾರ ಕೈಗೆ ಕಟ್ಟಲಿ? ಇವರಿಗೆ ಹೇಳಲೋ ಬೇಡವೋ, ಡಾಕ್ಟರಮ್ಮನಿಗೆ ಏನೆಂದು ಹೇಳಲಿ, ಎಷ್ಟು ಸಲ ಬಂದಿತ್ತು, ಯಾವಾಗ ನಿಂತಿತು, ನಿಂತಿತ್ತೋ ಇಲ್ಲವೋ, ನಿನ್ನ ಬಾಯಿಂದಲೇ ಕೇಳಬೇಕು. ಮನೆಯಿಂದ ಬೇಡ, ಅವ್ವ ಕೇಳಿಸಿಕೊಳ್ಳುತ್ತಾಳೆ. ಸ್ಟೇಷನ್ ಎದುರಿನ ಎಸ್‌ಟಿಡಿ ಬೂತಿಗೆ ಹೋಗು, ನನ್ನ ಮೊಬೈಲಿಗೆ ಮಾಡು. ಬುಧವಾರ ರಾತ್ರಿ ಎಷ್ಟು ಹೊತ್ತಾದರೂ ಸರಿ, ನಾನು ಮಲಗುವುದಿಲ್ಲ, ಮಲಗಲು ನನಗೆ ಭಯ. ಹೌದು ಅಂತಾದರೂ ಅನ್ನು, ಇಲ್ಲ ಅಂತಾದರೂ ಅನ್ನು. ಗುರುವಾರ ಬೆಳಗಾಗುವುದರೊಳಗೆ ಫೋನ್ ಮಾಡು.